45ಕ್ಕೆ ಮೊದಲ ಮೊಟ್ಟೆ, ಮೊದಲ ರಾಡ್: ಒಂದು ವರ್ಷದ ಲೆಕ್ಕ

ಹೋದ ವಾರ ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂತು. ಮನೆಗೆ ಹೋಗುವವರೆಗೂ ತಡೆಯಲಾಗದೆ ಲ್ಯಾಬಿನ ಮೆಟ್ಟಿಲ ಮೇಲೇ ಕೂತು ಓದಿದೆ. ಕಣ್ಣಲ್ಲಿ ನೀರು ಬಂತು. ಒಂದು ವರ್ಷದ ಹಿಂದೆ ಇದೇ ಮೆಟ್ಟಿಲ ಮೇಲೆ ಇನ್ನೊಂದು ರಿಪೋರ್ಟ್ ಹಿಡಿದು ಕೂತಿದ್ದೆ. ಅವತ್ತು ಬಂದ ನೀರೇ ಬೇರೆ. ಈ ನಡುವೆ ನಾನು ಹುಟ್ಟಿದಾಗಿನಿಂದ ಬಾಯಿಗೆ ಇಡದ ಮೊಟ್ಟೆ ತಿಂದೆ, ಜಿಮ್ಮಿಗೆ ಹೋಗಿ ತೂಕ ಎತ್ತುವುದನ್ನು ಕಲಿತೆ, ದುಡ್ಡು ಕಳೆದುಕೊಂಡೆ, ಒಂದು ಸಲ ಲಿವರ್ ಹೋಯಿತು ಅಂತ ರಾತ್ರಿಯಿಡೀ ನಿದ್ದೆಗೆಟ್ಟೆ. ನನ್ನ ಹಾಗೆ ಸಸ್ಯಾಹಾರಿ ಮನೆಯ, 40 ದಾಟಿದ ಹೆಣ್ಣುಮಕ್ಕಳು ಯಾರಾದರೂ ಶುರು ಮಾಡಬೇಕು ಅಂದುಕೊಂಡಿದ್ದರೆ ಅವರಿಗೆ ಈ ಗೊಂದಲ ಬೇಡ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾವಿರುವುದು ದಾವಣಗೆರೆ. ನಾನು ಊರ ಹೊರಗಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿ ಮಕ್ಕಳು. ಅವರ ಜೊತೆ ನೆಲದ ಮೇಲೆ ಗುಂಪಿನಲ್ಲಿ ಕೂತು ಪಾಠ ಮಾಡಬೇಕು. ಕೂರುವುದು ಕಷ್ಟವಿರಲಿಲ್ಲ, ಏಳುವುದೇ ಕಷ್ಟ. ಗೋಡೆ ಹಿಡಿದು, ಒಂದು ಕೈ ಮಂಡಿಗೆ ಕೊಟ್ಟು, ಉಸಿರು ಬಿಟ್ಟು ಏಳುತ್ತಿದ್ದೆ. ಎರಡನೇ ಕ್ಲಾಸಿನ ಒಂದು ಹುಡುಗಿ ಇದನ್ನು ನೋಡಿ ನೋಡಿ, ಬೆಲ್ ಹೊಡೆದ ಕೂಡಲೇ ನನ್ನ ಹತ್ತಿರ ಬಂದು ಕೈ ಚಾಚುವುದನ್ನು ರೂಢಿ ಮಾಡಿಕೊಂಡಿದ್ದಳು. ಏಳು ವರ್ಷದ ಮಗು ಅದು.

2024ರ ಶ್ರಾವಣದಲ್ಲಿ ಒಂದು ದಿನ ಬಿಸಿಯೂಟದ ಅಕ್ಕಿ ಬಂತು. 50 ಕೆ.ಜಿ. ಚೀಲಗಳು. ಮಳೆ ಹನಿಯುತ್ತಿತ್ತು, ಅಡುಗೆಯ ಅಕ್ಕಂದಿರು ಇಬ್ಬರೇ ಒಳಗೆ ಎಳೆಯುತ್ತಿದ್ದರು. ನಾನೂ ಒಂದು ತುದಿ ಹಿಡಿದೆ. ಎರಡು ಹೆಜ್ಜೆ ಇಟ್ಟಿದ್ದೇ ತಡ, ಕೈ ಗಡಗಡ ನಡುಗಿ ಕಣ್ಣು ಕತ್ತಲೆ ಬಂದು ಅಲ್ಲೇ ಕೂತುಬಿಟ್ಟೆ. ಮರುದಿನ ಡಾಕ್ಟರ್ ಹತ್ತಿರ ಹೋದೆ. ರಕ್ತ ಪರೀಕ್ಷೆಗೆ 2,400 ರೂಪಾಯಿ ಆಯಿತು. ಬಿ12 ತೀರಾ ಕಡಿಮೆ, ವಿಟಮಿನ್ ಡಿ ಅದಕ್ಕಿಂತ ಕಡಿಮೆ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 6.1. ಅಂದರೆ ಶುಗರ್ ಬಂದಿಲ್ಲ, ಬಾಗಿಲ ಹತ್ತಿರ ನಿಂತಿದೆ. 5.7ರಿಂದ 6.4ರ ತನಕ ಇದ್ದರೆ ಹಾಗೆ ಹೇಳುತ್ತಾರೆ. ತೂಕ 68.5 ಕೆ.ಜಿ.

ಡಾಕ್ಟರಮ್ಮ ಬಿ12 ಇಂಜೆಕ್ಷನ್, ವಾರಕ್ಕೊಂದು ವಿಟಮಿನ್ ಡಿ ಪುಡಿ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು, "ದಿನಾ ಏನೇನು ತಿಂತೀರಿ ಹೇಳಿ" ಅಂದರು. ಬೆಳಿಗ್ಗೆ ಮಂಡಕ್ಕಿ ಅಥವಾ ಅವಲಕ್ಕಿ, ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ತಿಳಿ ಸಾರು, ರಾತ್ರಿ ಮತ್ತೆ ಅನ್ನ ಸಾರು, ನಾಲ್ಕು ಸಲ ಟೀ. ಅವರು ಲೆಕ್ಕ ಹಾಕಿ, ಇದರಲ್ಲಿ ಪ್ರೋಟೀನ್ 40 ಗ್ರಾಂ ದಾಟುವುದಿಲ್ಲ ಅಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಕೆ.ಜಿ. ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. ನನಗೆ 57 ಗ್ರಾಂ ಆಗುತ್ತದೆ. ತೂಕ ಎತ್ತುವುದಾದರೆ ಇನ್ನೂ ಜಾಸ್ತಿ, 80ರ ಹತ್ತಿರ. "ನಡಿಗೆ ಒಳ್ಳೇದೇ, ಆದರೆ ನಿಮಗೆ ಅದೊಂದೇ ಸಾಲದು. ಮಾಂಸಖಂಡ ಕರಗ್ತಾ ಇದೆ. ತೂಕ ಎತ್ತಿ. ಮೊಟ್ಟೆ ತಿನ್ನೋಕಾಗುತ್ತಾ?" ಅಂತ ಕೇಳಿದರು.

ನಾನು ಸುಮ್ನೆ ಕೂತೆ. ನಮ್ಮದು ಲಿಂಗಾಯತ ಮನೆ. ಅತ್ತೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸದೆ ನೀರೂ ಕುಡಿಯುವುದಿಲ್ಲ. ಆದರೆ ಶಾಲೆಯಲ್ಲಿ ನಾನು ಮಾಡುವುದೇ ಮೊಟ್ಟೆ ಹಂಚುವ ಕೆಲಸ. ಮೊದಲು ವಾರಕ್ಕೆ ಎರಡು ದಿನ ಇತ್ತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನ ಆಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಆಗ ಶೇಂಗಾ ಚಿಕ್ಕಿಯೂ ಇತ್ತು. ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಅಂತ ರಿಜಿಸ್ಟರಿನಲ್ಲಿ ನಾನೇ ಬರೆಯುತ್ತೇನೆ. ಮೊಟ್ಟೆ ತಿಂದ ಮಕ್ಕಳು ಮಧ್ಯಾಹ್ನದ ಮೇಲೆ ತೂಕಡಿಸದೆ ಕೂರುವುದನ್ನು ಕಣ್ಣಾರೆ ನೋಡಿದ್ದೇನೆ. ಮಕ್ಕಳಿಗೆ "ತಿನ್ನಪ್ಪಾ, ಗಟ್ಟಿಯಾಗ್ತೀಯ" ಅಂತ ಹೇಳುವವಳು ನಾನು. ಆ ದಿನ ಬಸ್ಸಿನಲ್ಲಿ ಬರುವಾಗ ಇದೇ ತಲೆಯಲ್ಲಿ ತಿರುಗುತ್ತಿತ್ತು.

ಮುಚ್ಚಿಟ್ಟು ತಿನ್ನುವುದು ನನಗೆ ಬೇಡವಾಗಿತ್ತು. ಅತ್ತೆಗೇ ನೇರವಾಗಿ ಹೇಳಿದೆ. ಫಾರಂ ಮೊಟ್ಟೆಯಲ್ಲಿ ಮರಿ ಇರುವುದಿಲ್ಲ, ಅಲ್ಲಿ ಹುಂಜವನ್ನೇ ಬಿಡುವುದಿಲ್ಲ ಅಂತೆಲ್ಲ ವಿವರಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು. "ಅದನ್ನೆಲ್ಲ ನನಗ ಹೇಳಬ್ಯಾಡ. ನಿನ್ನ ಮೈ, ನಿನ್ನ ಬಾಯಿ. ನಾ ಬ್ಯಾಡ ಅನ್ನಾಕಿ ಅಲ್ಲ. ಆದ್ರ ನನ್ನ ಒಲಿ ಮ್ಯಾಲೆ ಬ್ಯಾಡ, ನನ್ನ ಪಾತ್ರಿ ಒಳಗೂ ಬ್ಯಾಡ." ಅಷ್ಟೇ. ನಮ್ಮ ಮನೆಯವರು ಪೇಪರ್ ಓದುತ್ತಾ ಒಂದು ಮಾತೂ ಆಡಲಿಲ್ಲ, ಮರುದಿನ ಸಂಜೆ ಬರುವಾಗ 650 ರೂಪಾಯಿಯ ಕರೆಂಟಿನ ಮೊಟ್ಟೆ ಬೇಯಿಸುವ ಡಬ್ಬಿ ತಂದರು. ಅದನ್ನು ಹಿತ್ತಲ ವರಾಂಡದಲ್ಲಿ ವಾಷಿಂಗ್ ಮಷಿನ್ ಪಕ್ಕ ಇಟ್ಟೆವು. ಒಂದು ತಟ್ಟೆ, ಒಂದು ಚಮಚ, ಒಂದು ಸ್ಕ್ರಬ್ಬರ್ ಬೇರೆ. ಸೋಮವಾರ, ಅಮಾವಾಸ್ಯೆ, ಹಬ್ಬ, ಶ್ರಾವಣ ಪೂರ್ತಿ ಇಲ್ಲ. ಇದು ನಮ್ಮ ಮನೆಯ ಒಪ್ಪಂದ. ನಿಮ್ಮಲ್ಲೂ ಹೀಗೇ ಇದ್ದರೆ ನನ್ನ ಸಲಹೆ ಒಂದೇ: ವಾದ ಮಾಡಿ ಗೆಲ್ಲಲು ಹೋಗಬೇಡಿ, ಜಾಗ ಮತ್ತು ಪಾತ್ರೆ ಬೇರೆ ಮಾಡಿಕೊಳ್ಳಿ. ವಾದ ಯಾವತ್ತೂ ಮುಗಿಯುವುದಿಲ್ಲ. ಪಾತ್ರೆ ಒಂದೇ ದಿನದಲ್ಲಿ ಬೇರೆ ಮಾಡಬಹುದು.

ಗಣಪತಿ ಹಬ್ಬ ಆದ ಮೇಲೆ ಮೊದಲ ಮೊಟ್ಟೆ ತಿಂದದ್ದು ಮನೆಯಲ್ಲಲ್ಲ, ಶಾಲೆಯ ಅಡುಗೆ ಕೋಣೆಯಲ್ಲಿ. ಮಕ್ಕಳ ಲೆಕ್ಕದ್ದಲ್ಲ, ನಾನೇ ಅಂಗಡಿಯಿಂದ ಕೊಂಡು ಒಯ್ದದ್ದು. ಅಡುಗೆ ಅಕ್ಕ ಬೇಯಿಸಿ, ಸುಲಿದು, ನಾಲ್ಕು ಹೋಳು ಮಾಡಿ ಮೆಣಸಿನ ಪುಡಿ, ಉಪ್ಪು ಉದುರಿಸಿ ಕೊಟ್ಟರು. ಬಿಳಿ ಭಾಗ ಹೇಗೋ ಒಳಗೆ ಹೋಯಿತು. ಹಳದಿ ಬಾಯಿಗೆ ಹಾಕಿದ ಕೂಡಲೇ ಮೂಗಿಗೆ ವಾಸನೆ ಹತ್ತಿ ಓಡಿಹೋಗಿ ಉಗಿದೆ. "ಬಿಡ್ರಿ ಮೇಡಂ, ಒಂದು ವಾರ ಬಿಳೀದಷ್ಟೇ ತಿನ್ರಿ, ಆಮ್ಯಾಲೆ ಹಳದಿ ತಾನೇ ರೂಢಿ ಆಗ್ತದ" ಅಂದರು. ಹಾಗೇ ಆಯಿತು. ಎರಡನೇ ವಾರ ಬುರ್ಜಿ ಮಾಡಿಕೊಟ್ಟರು. ಈರುಳ್ಳಿ, ಹಸಿಮೆಣಸು, ಕರಿಬೇವು, ಅರಿಶಿನದಲ್ಲಿ ವಾಸನೆ ಮುಚ್ಚಿಹೋಗುತ್ತದೆ. ನನ್ನ ಹಾಗೆ ಹೊಸಬರು ಹಾಫ್ ಬಾಯಿಲ್, ಹಾಫ್ ಆಮ್ಲೆಟ್ ಕಡೆ ಮೊದಲೇ ಹೋಗಬೇಡಿ. ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಯಿರಿ ಅಂತ ಜಿಮ್ಮಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಖಂಡಿತ ಬೇಡ. ಹಸಿಯದರಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಭಯ ಒಂದು ಕಡೆ, ಬೇಯಿಸಿದ್ದರಷ್ಟು ಪ್ರೋಟೀನ್ ಮೈಗೆ ಹತ್ತುವುದೂ ಇಲ್ಲ.

ಬೇಯಿಸುವುದರಲ್ಲೂ ನಾನು ಒಂದು ತಿಂಗಳು ಒದ್ದಾಡಿದೆ. ಸಿಪ್ಪೆಯ ಜೊತೆ ಅರ್ಧ ಬಿಳಿಯೇ ಕಿತ್ತು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ತೀರಾ ತಾಜಾ ಮೊಟ್ಟೆ ಸುಲಿಯಲು ಬರುವುದಿಲ್ಲ, ನಾಲ್ಕೈದು ದಿನ ಹಳೆಯದಾದರೆ ಸಲೀಸು. ಕುದಿಯುವ ನೀರಿಗೆ ಹಾಕಿ 10 ನಿಮಿಷ, ತೆಗೆದ ಕೂಡಲೇ ತಣ್ಣೀರಿಗೆ. ಜಾಸ್ತಿ ಬೆಂದರೆ ಹಳದಿಯ ಸುತ್ತ ಹಸಿರು ಉಂಗುರ ಬರುತ್ತದೆ, ಗಂಧಕದ ವಾಸನೆಯೂ ಹೆಚ್ಚು. ಕೆಟ್ಟದ್ದಲ್ಲ, ಆದರೆ ನಮ್ಮಂಥ ಮೂಗಿನವರಿಗೆ ಆಗುವುದಿಲ್ಲ. ನೀರಿಗೆ ಹಾಕಿದಾಗ ಮೊಟ್ಟೆ ಪೂರ್ತಿ ತೇಲಿದರೆ ಎಸೆದುಬಿಡಿ. ನಾಟಿ ಮೊಟ್ಟೆಯೇ ಬೇಕು ಅಂತಲೂ ಇಲ್ಲ. ಫಾರಂ ಮೊಟ್ಟೆ ನನಗೆ ವರ್ಷವಿಡೀ 6ರಿಂದ 7 ರೂಪಾಯಿಗೆ ಸಿಕ್ಕಿದೆ, ಚಳಿಗಾಲದಲ್ಲಿ ಸ್ವಲ್ಪ ಏರುತ್ತದೆ. ನಾಟಿಗೆ ಅದರ ದುಪ್ಪಟ್ಟು, ಗಾತ್ರವೂ ಚಿಕ್ಕದು. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ ಪ್ರೋಟೀನ್. ನಾನು ದಿನಕ್ಕೆ ಮೂರಕ್ಕೆ ಬಂದು ನಿಂತೆ, ಎರಡು ಪೂರ್ತಿ, ಒಂದರ ಬಿಳಿ ಮಾತ್ರ. ಆ ಉಳಿದ ಹಳದಿ ನಮ್ಮ ಬೀದಿಯ ಕರಿ ನಾಯಿಗೆ. ಅದು ಆರೂವರೆಗೆ ಹಿತ್ತಲ ಬಾಗಿಲಿಗೆ ಬಂದು ಕೂತಿರುತ್ತದೆ. ಮೊಟ್ಟೆಯೊಂದರಿಂದಲೇ 80 ಗ್ರಾಂ ತುಂಬುವುದಿಲ್ಲ ಅನ್ನುವುದು ನೆನಪಿರಲಿ. ಮೂರು ಮೊಟ್ಟೆಯಿಂದ ನನಗೆ ಸಿಗುವುದು ಬರೀ 16 ಗ್ರಾಂ. ಮಿಕ್ಕದ್ದು ಗಟ್ಟಿ ಬೇಳೆ, ಸೋಯಾ, ಶೇಂಗಾ, ಹಾಲು, ಮೊಸರಿನಿಂದಲೇ ಬರಬೇಕು.

ಇನ್ನು ಜಿಮ್ಮಿನ ಕಥೆ. ಇಲ್ಲೇ ನನ್ನ ದುಡ್ಡು ಹೋದದ್ದು.

ಮೊದಲು ಸೇರಿದ್ದು ಮನೆಗೆ ಹತ್ತಿರದ, ಗಾಜಿನ ಬಾಗಿಲಿನ, ಎಸಿ ಇರುವ ಜಿಮ್. ಹೆಸರು ಬೇಡ. ಆಧಾರ್ ಜೆರಾಕ್ಸ್, ಎರಡು ಫೋಟೋ, 40 ದಾಟಿದ್ದಕ್ಕೆ ಡಾಕ್ಟರ್ ಪತ್ರ ಕೇಳಿದರು. ಪತ್ರಕ್ಕೆ ಮೊದಲು ಇಸಿಜಿ ಮಾಡಿಸಿದೆ, 300 ರೂಪಾಯಿ. ಇದನ್ನು ಯಾರೂ ಕೇಳದಿದ್ದರೂ ಮಾಡಿಸಿಕೊಳ್ಳಿ, ಕಿಡ್ನಿಯ ಕ್ರಿಯಾಟಿನಿನ್ ಕೂಡ ನೋಡಿಸಿ. ಆರು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರು, 5,500 ಕಟ್ಟಿದೆ. ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡರು, ಓದಲಿಲ್ಲ. ಸೇರಿದ ಮೇಲೆ ಗೊತ್ತಾದದ್ದು, ಹೆಂಗಸರ ಟೈಮ್ ಬೆಳಿಗ್ಗೆ 11ರಿಂದ ಸಂಜೆ 4. ಆ ಹೊತ್ತಿಗೆ ನಾನು ಶಾಲೆಯಲ್ಲಿರುತ್ತೇನೆ. ಉಳಿದ ಹೊತ್ತಿಗೆ ಬನ್ನಿ ಅಂದರು, ಬಂದರೆ ಹೇಳಿಕೊಡುವವರು ಇಲ್ಲ. ಒಬ್ಬ ಹುಡುಗ ಟ್ರೆಡ್‌ಮಿಲ್ ತೋರಿಸಿ, 3,500 ರೂಪಾಯಿಯ ಪೌಡರ್ ಡಬ್ಬಿ ತೋರಿಸಿ ಹೋದ. ಮೂರು ವಾರಕ್ಕೆ ಸಾಕಾಯಿತು. ದುಡ್ಡು ವಾಪಸ್ ಕೇಳಿದೆ. ಮ್ಯಾನೇಜರ್ ನಾಳೆ ಬರುತ್ತಾರೆ, ಸೋಮವಾರ ಬನ್ನಿ, ಹಬ್ಬ ಆಗಲಿ, ಹೀಗೆ ಎರಡು ತಿಂಗಳು ಅಲೆದೆ. ಕೊನೆಗೆ ಆ ಫಾರ್ಮ್ ತೆಗೆದು ತೋರಿಸಿದರು, ಕಟ್ಟಿದ ಹಣ ಯಾವ ಕಾರಣಕ್ಕೂ ಮರಳಿಸುವುದಿಲ್ಲ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ದಯವಿಟ್ಟು ಮೊದಲು ಒಂದೇ ತಿಂಗಳಿಗೆ ಕಟ್ಟಿ. ನೀವು ಹೋಗಬೇಕಾದ ಹೊತ್ತಿಗೇ ಹೋಗಿ ಅರ್ಧ ಗಂಟೆ ನಿಂತು ನೋಡಿ. ಹೇಳಿಕೊಡುವವರು ಇದ್ದಾರಾ, ಹೆಂಗಸರು ತೂಕ ಎತ್ತುವ ರಾಡ್ ಹತ್ತಿರ ಹೋಗುತ್ತಾರಾ ಇಲ್ಲ ಬರೀ ಸೈಕಲ್ ಮೇಲೆ ಕೂರುತ್ತಾರಾ ನೋಡಿ.

ದಸರಾ ರಜೆಯಲ್ಲಿ ಎರಡನೇ ಜಿಮ್ ಸಿಕ್ಕಿತು. ಶೀಟಿನ ಮನೆ, ಎರಡು ಫ್ಯಾನ್, ಎಸಿ ಇಲ್ಲ. ನಡೆಸುವವರು ಕುಸ್ತಿ ಬಿಟ್ಟು 30 ವರ್ಷ ಆದ ಪೈಲ್ವಾನರು. ಎಲ್ಲರೂ ಉಸ್ತಾದ್ ಅನ್ನುತ್ತಾರೆ. ತಿಂಗಳಿಗೆ 800. ಸಂಜೆ ಐದೂವರೆಯಿಂದ ಏಳರವರೆಗೆ ಹೆಂಗಸರು ಮಾತ್ರ. ಗೋಡೆಗೆ ಪೇಪರಿನ ಚಿತ್ರ ಕತ್ತರಿಸಿ ಅಂಟಿಸಿದ್ದರು. ಒಂದರಲ್ಲಿ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದವರು. ಇನ್ನೊಂದರಲ್ಲಿ ಕರ್ಣಂ ಮಲ್ಲೇಶ್ವರಿ. ಉಸ್ತಾದ್ ನನ್ನ ತೂಕ ನೋಡಿ ಆ ಚಿತ್ರದ ಕಡೆ ಬೆರಳು ಮಾಡಿದರು. "ಅಕ್ಕಾರ, 2000ದಾಗ ಸಿಡ್ನಿ ಒಲಿಂಪಿಕ್ಸಿನಾಗ ಆಯಮ್ಮ ಗೆದ್ದಿದ್ದು 69 ಕೆ.ಜಿ. ವಿಭಾಗದಾಗ. ನಿಮ್ಮಷ್ಟೇ ತೂಕ." ಅದೇ ತೂಕದ ಹೆಣ್ಣುಮಗಳು 130 ಕೆ.ಜಿ.ಯನ್ನು ತಲೆಯ ಮೇಲೆ ಎತ್ತಿ ನಿಂತಿದ್ದರು! ನಾನು ಬೆಂಚಿನಿಂದ ಕೈ ಊರದೆ ಏಳಲು ಕಲಿಯುತ್ತಿದ್ದೆ. ಆದರೂ ಆ ಮಾತು ನನಗೆ ಎಷ್ಟು ಬಲ ಕೊಟ್ಟಿತು ಅಂತ ಹೇಳಲಾರೆ. ನನ್ನ ತೂಕ ಅಂದರೆ ನಾಚಿಕೆಯ ಸಂಗತಿ ಅಂತಲೇ ಅಂದುಕೊಂಡಿದ್ದೆ.

ಅವರು ಕಲಿಸಿದ್ದು ಹೀಗೆ. ಮೊದಲ ಎರಡು ವಾರ ಬೆಂಚಿನ ಮೇಲೆ ಕೂತು ಏಳುವುದು, ಗೋಡೆಗೆ ಕೈ ಕೊಟ್ಟು ದಂಡ, ಅಷ್ಟೇ. ಆಮೇಲೆ ಎದೆಗೆ 4 ಕೆ.ಜಿ. ಡಂಬಲ್ ಅವುಚಿಕೊಂಡು ಬಸ್ಕಿ. ಸ್ಕ್ವಾಟ್ ಅಂದರೆ ನಮ್ಮ ಬಸ್ಕಿಯೇ. ನಂತರ ರಾಡ್. ನೆಲದಿಂದ ರಾಡ್ ಎತ್ತಿ ನಿಲ್ಲುವ ಡೆಡ್‌ಲಿಫ್ಟನ್ನು ಮೊದಲು ನೆಲದಿಂದ ಮಾಡಿಸಲಿಲ್ಲ, ಎರಡು ಮರದ ಮಣೆ ಇಟ್ಟು ಎತ್ತರ ಮಾಡಿ ಮಾಡಿಸಿದರು. ಬೆನ್ನು ಬಾಗಬಾರದು, ಸೊಂಟ ಹಿಂದಕ್ಕೆ ಹೋಗಬೇಕು. "ಕೈಯಾಗ ಬಿಂದಿಗಿ ಐತಿ, ಸೊಂಟದಿಂದ ಬಾಗಿಲು ದಬ್ಬಬೇಕು, ಹಂಗ" ಅಂದರು. ಆ ಒಂದು ಮಾತಿಗೆ ಎಲ್ಲ ಅರ್ಥವಾಯಿತು. ವಾರಕ್ಕೆ ಮೂರೇ ದಿನ. ರಾಡಿನ ತೂಕ ಎಷ್ಟು ಅಂತ ಕೇಳಿಕೊಳ್ಳಿ, ಎಲ್ಲ ರಾಡೂ 20 ಕೆ.ಜಿ. ಇರುವುದಿಲ್ಲ. ಇಲ್ಲಿಯ ತೆಳು ರಾಡ್ 8 ಕೆ.ಜಿ., ನಾನು ಒಂದು ತಿಂಗಳು 20 ಅಂತಲೇ ಬರೆದುಕೊಂಡಿದ್ದೆ.

ಯಾರೂ ಮೊದಲೇ ಹೇಳದ ಸಣ್ಣ ಸಣ್ಣ ತೊಡಕುಗಳು ಬಹಳ. ಗಾಜಿನ ಬಳೆ ರಾಡಿಗೆ ಬಡಿದು ಒಡೆದು ಮಣಿಕಟ್ಟು ಕುಯ್ದುಕೊಂಡಿತು, ಸಂಕಟವಾಯಿತು, ಈಗ ಬಳೆ ಬಿಚ್ಚಿ ಡಬ್ಬಿಯಲ್ಲಿಟ್ಟು ಹೋಗುತ್ತೇನೆ. ತಾಳಿ ಸರ ಬಗ್ಗಿದಾಗ ರಾಡಿಗೆ ಸಿಕ್ಕಿಕೊಳ್ಳುತ್ತದೆ, ಒಳಗೆ ಹಾಕಿ ಪಿನ್ ಮಾಡಿಕೊಳ್ಳಿ. ವಾಕಿಂಗ್ ಶೂ ಮೆತ್ತಗಿರುತ್ತದೆ, ತೂಕ ಹೊತ್ತಾಗ ಕಾಲು ಅಲುಗುತ್ತದೆ. ನಮ್ಮ ಶಾಲೆಯ ಮಕ್ಕಳು ಡ್ರಿಲ್ಲಿಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂ ತಗೊಂಡೆ, 350 ರೂಪಾಯಿ, ತಳ ಚಪ್ಪಟೆ, ಇದಕ್ಕೆ ಅದೇ ಸರಿ. ಮೊದಲ ದಿನದ ನೋವು ಮೊದಲ ದಿನ ಬರುವುದಿಲ್ಲ, ಎರಡನೇ ದಿನ ಬರುತ್ತದೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಲಾಗದೆ ಕೆಳಗಿನ ಅರ್ಧದಲ್ಲೇ ಬರೆದೆ. ಮೂರ್ನಾಲ್ಕು ದಿನದಲ್ಲಿ ಹೋಗುತ್ತದೆ, ಹೆದರಬೇಡಿ. ಮೈಯೆಲ್ಲ ಜಡ್ಡುಗಟ್ಟಿದಂತಾಗುವ ನೋವು ಬೇರೆ, ಕೀಲಿನಲ್ಲಿ ಚುಚ್ಚುವ ನೋವು ಬೇರೆ. ಎರಡನೆಯದು ಬಂದರೆ ನಿಲ್ಲಿಸಿ. ಮತ್ತೆ, ಮೊಟ್ಟೆ ಹೆಚ್ಚಾಗಿ ರೊಟ್ಟಿ ಪಲ್ಯ ಕಡಿಮೆಯಾದಾಗ ಮಲಬದ್ಧತೆ ಕಾಡಿತು. ಮೊಟ್ಟೆಯಲ್ಲಿ ನಾರು ಚೂರೂ ಇಲ್ಲ. ಸೊಪ್ಪು, ಸೌತೆಕಾಯಿ, ನೀರು ಬಿಡಬೇಡಿ.

ಡಿಸೆಂಬರಿನಲ್ಲಿ ಒಂದು ಅವಸರ ಮಾಡಿದೆ. ಉಸ್ತಾದ್ ಇಲ್ಲದ ದಿನ ಪಕ್ಕದ ಕಾಲೇಜು ಹುಡುಗಿಯ ಸಮ ಎತ್ತಲು ಹೋಗಿ ಒಮ್ಮೆಗೇ 10 ಕೆ.ಜಿ. ಏರಿಸಿ ಸೊಂಟ ಹಿಡಿಯಿತು. ಎರಡು ವಾರ ಹೋಯಿತು. ಅಲ್ಲಿಂದ ಎರಡೂವರೆ ಕೆ.ಜಿ. ಲೆಕ್ಕದಲ್ಲೇ ಏರಿಸಿದ್ದು.

ಈಗ ಮುಖ್ಯವಾದ್ದಕ್ಕೆ ಬರುತ್ತೇನೆ. ಇದೊಂದನ್ನು ಹೇಳಲೆಂದೇ ಅರ್ಧ ಈ ಬರಹ.

ಜನವರಿಯಲ್ಲಿ, ಜಿಮ್ ಸರಿಯಾಗಿ ಶುರುವಾಗಿ ಮೂರು ತಿಂಗಳಾಗಿತ್ತು. ಎಚ್‌ಬಿಎ1ಸಿ ಹಿಂದಿನ ಮೂರು ತಿಂಗಳ ಸರಾಸರಿ ಹೇಳುತ್ತದಲ್ಲ, ನೋಡೋಣ ಅಂತ ಉತ್ಸಾಹದಿಂದ ಹೋದೆ. ಲ್ಯಾಬಿನವರು ಪ್ಯಾಕೇಜ್ ಇದೆ, ಲಿವರ್, ಕೊಲೆಸ್ಟ್ರಾಲ್ ಎಲ್ಲ ಸೇರಿ ಅಂದರು, ಆಯಿತು ಅಂದೆ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಶುಗರ್ 5.8, ಇಳಿದಿತ್ತು. ಆದರೆ ಲಿವರ್ ಪರೀಕ್ಷೆಯ ಎಸ್‌ಜಿಒಟಿ 84, ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಮೇಲ್ಮುಖ ಬಾಣ. 40ರ ಒಳಗಿರಬೇಕಾದದ್ದು. ಎಸ್‌ಜಿಪಿಟಿ ಕೂಡ ಸ್ವಲ್ಪ ಮೇಲೆ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಕೂಡ ಹಿಂದಿಗಿಂತ ಒಂಬತ್ತು ಜಾಸ್ತಿ.

ಲಿವರ್! ಸುದ್ದಿ ಹೇಗೆ ಹರಡಿತೋ, ಎರಡು ದಿನದಲ್ಲಿ ನಾದಿನಿ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲರಿಂದ ಒಂದೇ ಮಾತು: ಮೊಟ್ಟೆ ತಿಂದೇ ಹೀಗಾಯಿತು, ರೂಢಿ ಇಲ್ಲದ ಹೊಟ್ಟೆಗೆ ಉಷ್ಣ. ಅತ್ತೆ ಒಬ್ಬರೇ ಏನೂ ಅನ್ನಲಿಲ್ಲ. ನಮ್ಮ ಡಾಕ್ಟರಮ್ಮ ಊರಲ್ಲಿರಲಿಲ್ಲ, ಹತ್ತು ದಿನ ಬಿಟ್ಟು ಬರುತ್ತಾರೆ ಅಂದರು. ಆ ಹತ್ತು ದಿನ ತಡೆಯಲಾಗಲಿಲ್ಲ. ಇನ್ನೊಬ್ಬರ ಹತ್ತಿರ ಹೋದೆ. ಅವರು ರಿಪೋರ್ಟ್ ಮಾತ್ರ ನೋಡಿ, ನನ್ನನ್ನು ಒಂದು ಪ್ರಶ್ನೆಯೂ ಕೇಳದೆ, ಹೊಟ್ಟೆ ಸ್ಕ್ಯಾನ್ ಬರೆದರು. 1,200 ರೂಪಾಯಿ. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಅದು ಸಮಾಧಾನ ಕೊಡುವ ಬದಲು ಇನ್ನೂ ಭಯ ಹೆಚ್ಚಿಸಿತು, ಏನೂ ಇಲ್ಲದಿದ್ದರೆ ಅಂಕಿ ಯಾಕೆ ಏರಿದೆ ಅಂತ. ಮೊಟ್ಟೆ ಬಿಟ್ಟೆ, ಜಿಮ್ ಬಿಟ್ಟೆ. ರಾತ್ರಿ ಎದ್ದು ಕನ್ನಡಿಯಲ್ಲಿ ಕಣ್ಣು ಹಳದಿ ಆಗಿದೆಯಾ ಅಂತ ನೋಡಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಬಂದರು. ರಿಪೋರ್ಟ್ ನೋಡಿದ ಕೂಡಲೇ ಕೇಳಿದ್ದು: "ರಕ್ತ ಕೊಡೋ ಮುಂಚೆ ಜಿಮ್ಮಿಗೆ ಯಾವಾಗ ಹೋಗಿದ್ರಿ?" ಹಿಂದಿನ ದಿನ ಸಂಜೆ. ಸೊಂಟ ಸರಿಯಾಗಿ ಹೊಸ ಹುರುಪಿನಲ್ಲಿ ಡೆಡ್‌ಲಿಫ್ಟ್, ಬಸ್ಕಿ ಎರಡೂ ಮಾಡಿದ್ದ ದಿನ. ಅವರು ನಕ್ಕು ವಿವರಿಸಿದರು. ಎಸ್‌ಜಿಒಟಿ ಲಿವರಿನಲ್ಲಿ ಮಾತ್ರ ಇರುವುದಲ್ಲ, ಮಾಂಸಖಂಡದಲ್ಲೂ ಇರುತ್ತದೆ. ಜೋರಾಗಿ ತೂಕ ಎತ್ತಿದಾಗ, ಅದರಲ್ಲೂ ಹೊಸಬರು ಎತ್ತಿದಾಗ, ಸ್ನಾಯುವಿನಿಂದ ಅದು ರಕ್ತಕ್ಕೆ ಬರುತ್ತದೆ, ಒಂದು ವಾರದ ತನಕವೂ ಏರಿಯೇ ಇರಬಹುದು. ಖಚಿತ ಮಾಡಿಕೊಳ್ಳಲು, ಲ್ಯಾಬಿನಲ್ಲಿ ಉಳಿಸಿಟ್ಟಿದ್ದ ರಕ್ತ ಈಗ ಇರುವುದಿಲ್ಲವಾದ್ದರಿಂದ, ಹೊಸದಾಗಿ ಪರೀಕ್ಷೆ ಬರೆದರು. ಜೊತೆಗೆ ಸಿಪಿಕೆ ಅಂತ ಸ್ನಾಯುವಿನದೇ ಒಂದು ಪರೀಕ್ಷೆ. ಒಟ್ಟು 900 ರೂಪಾಯಿ. ಹತ್ತು ದಿನದಿಂದ ಜಿಮ್ಮಿಗೆ ಹೋಗಿರಲಿಲ್ಲವಲ್ಲ. ಎಸ್‌ಜಿಒಟಿ 26. ಸಿಪಿಕೆ ಕೂಡ ಸರಿ.

ರಕ್ತ ಪರೀಕ್ಷೆಗೆ ಒಂದು ವಾರ ಮೊದಲು ತೂಕ ಎತ್ತಬೇಡಿ. ಎತ್ತಿದ್ದರೆ ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ ಹೇಳಿ. ಇದು ಗೊತ್ತಿದ್ದರೆ ನನ್ನ ಸ್ಕ್ಯಾನಿನ ದುಡ್ಡು ಉಳಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಆ ಹತ್ತು ರಾತ್ರಿಗಳು ಉಳಿಯುತ್ತಿದ್ದವು. ಹಾಗಂತ ಏರಿದ ಅಂಕಿಯೆಲ್ಲ ಜಿಮ್ಮಿನದೇ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ, ವಿಶ್ರಾಂತಿ ಕೊಟ್ಟು ಮತ್ತೆ ಪರೀಕ್ಷೆ ಮಾಡಿಸಿ ನೋಡಿ.

ಎಲ್‌ಡಿಎಲ್ ಬಗ್ಗೆ ಅವರು ಕೇಳಿದ್ದು ಇನ್ನೊಂದು ಪ್ರಶ್ನೆ, ಬುರ್ಜಿ ಯಾವುದರಲ್ಲಿ ಮಾಡ್ತೀರಿ? ಬೆಣ್ಣೆಯಲ್ಲಿ. ದಾವಣಗೆರೆಯವರಲ್ವಾ, ಬೆಣ್ಣೆ ಹಾಕದೆ ಹೆಂಚು ಒಲೆ ಮೇಲೆ ಇಡುವವರಲ್ಲ ನಾವು. ಮೊಟ್ಟೆಯ ವಾಸನೆ ಮುಚ್ಚಲು ಅಡುಗೆ ಅಕ್ಕನಿಗೆ ಹೇಳಿ ಇನ್ನೂ ಒಂದು ಚಮಚ ಜಾಸ್ತಿಯೇ ಹಾಕಿಸುತ್ತಿದ್ದೆ. ಒಂದು ಹಳದಿಯಲ್ಲಿ 180 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟ್ರಾಲ್ ಇದೆ ನಿಜ, ಆದರೆ ಹೆಚ್ಚಿನವರಲ್ಲಿ ರಕ್ತದ ಕೊಲೆಸ್ಟ್ರಾಲ್ ಏರಿಸುವುದರಲ್ಲಿ ಬೆಣ್ಣೆಯಂಥ ಕೊಬ್ಬಿನ ಪಾಲು ಅದಕ್ಕಿಂತ ದೊಡ್ಡದು ಅಂತ ಹೇಳಿದರು. ಶುಗರ್ ಇರುವವರು, ಹೃದಯದ ತೊಂದರೆ ಇರುವವರು ಎಷ್ಟು ಹಳದಿ ತಿನ್ನಬಹುದು ಅಂತ ತಮ್ಮ ಡಾಕ್ಟರನ್ನೇ ಕೇಳಬೇಕು. ನಾನು ಬೇಯಿಸಿದ್ದಕ್ಕೆ ಮರಳಿದೆ. ಈಗ ಎಲ್‌ಡಿಎಲ್ ಹಿಂದಿನ ವರ್ಷಕ್ಕಿಂತ ಕಡಿಮೆ.

ಆಮೇಲಿನ ತಿಂಗಳುಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹೋಗುವುದು, ಎತ್ತುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಏಪ್ರಿಲ್ ಬಿಸಿಲಿಗೆ ಶೀಟಿನ ಕೆಳಗೆ ಬೇಯುವ ಹಾಗಿತ್ತು, ಆಗ ಬೆಳಿಗ್ಗೆ ಆರಕ್ಕೆ ಹೋದೆವು. ಬೇಸಿಗೆಯಲ್ಲಿ ಬೇಯಿಸಿದ ಮೊಟ್ಟೆಯನ್ನು ಡಬ್ಬಿಯಲ್ಲಿ ಮಧ್ಯಾಹ್ನದ ತನಕ ಇಡಬೇಡಿ, ಕೆಟ್ಟುಹೋಗುತ್ತದೆ. ಮನೆಯಲ್ಲೇ ತಿಂದು ಹೊರಡಿ.

ಹೋದ ವಾರದ ರಿಪೋರ್ಟ್: ಎಚ್‌ಬಿಎ1ಸಿ 5.5. ಬಿ12, ಡಿ ಎರಡೂ ಸರಿಯಾಗಿವೆ, ಅದು ಮುಖ್ಯವಾಗಿ ಇಂಜೆಕ್ಷನ್, ಪುಡಿಯಿಂದ, ಮೊಟ್ಟೆಯೊಂದರಿಂದಲೇ ಅಲ್ಲ. ತೂಕ ಇಳಿದದ್ದು ಮೂರೂವರೆ ಕೆ.ಜಿ. ಅಷ್ಟೇ, ಆದರೆ ರವಿಕೆ ಸೊಂಟದ ಹತ್ತಿರ ಸಡಿಲ, ತೋಳಿನ ಹತ್ತಿರ ಬಿಗಿ. ಖರ್ಚು ಒಟ್ಟು 29 ಸಾವಿರದ ಹತ್ತಿರ. ಅದರಲ್ಲಿ ಮೊದಲ ಜಿಮ್ಮು, ಸ್ಕ್ಯಾನ್ ಸೇರಿ 6,700 ಸುಮ್ನೆ ಹೋದದ್ದು. 11 ತಿಂಗಳ ಮೊಟ್ಟೆಗೆ ಆದದ್ದು ಬರೀ 5,000.

ಜೂನಿನಲ್ಲಿ ಶಾಲೆ ಶುರುವಾದಾಗ ಡೆಡ್‌ಲಿಫ್ಟ್ 50 ಕೆ.ಜಿ.ಗೆ ಬಂದಿತ್ತು. ಅಕ್ಕಿ ಚೀಲ ಬಂದ ದಿನ ಅಡುಗೆ ಅಕ್ಕನ ಎದುರು ತುದಿ ನಾನೇ ಹಿಡಿದೆ. ಎತ್ತಿ, ಒಳಗೆ ಒಯ್ದು, ಹಲಗೆಯ ಮೇಲೆ ಇಟ್ಟೆವು. ಎರಡನೇ ಚೀಲವನ್ನು ಒಬ್ಬಳೇ ನಿಲ್ಲಿಸಿ ನೋಡಿದೆ, ನೆಲದಿಂದ ಮೇಲೆದ್ದಿತು, ಆದರೆ ಚೀಲಕ್ಕೆ ರಾಡಿನ ಹಾಗೆ ಹಿಡಿತ ಇಲ್ಲ, ಬೆರಳು ಜಾರುತ್ತದೆ. ಕೈಹಿಡಿತಕ್ಕೆ ಬೇರೆಯೇ ಅಭ್ಯಾಸ ಬೇಕು ಅಂತ ಉಸ್ತಾದ್ ಈಗ ಎರಡು ಕೈಯಲ್ಲೂ ಡಂಬಲ್ ಹಿಡಿಸಿ ನಡೆಸುತ್ತಿದ್ದಾರೆ. ಆ ಹುಡುಗಿ ಈಗ ಮೂರನೇ ಕ್ಲಾಸು. ಬೆಲ್ ಆದಾಗ ಇನ್ನೂ ಕೈ ಚಾಚುತ್ತಾಳೆ. ನಾನೂ ಹಿಡಿಯುತ್ತೇನೆ, ಭಾರ ಮಾತ್ರ ಹಾಕುವುದಿಲ್ಲ.

ಈಗ ಶ್ರಾವಣ ನಡೆಯುತ್ತಿದೆ, ಮೊಟ್ಟೆ ಇಲ್ಲ. ಹೋದ ವರ್ಷದ ನಾನಾಗಿದ್ದರೆ ಜಿಮ್ಮೂ ಬಿಡುತ್ತಿದ್ದೆ. ಬಿಡಬೇಕಾಗಿಲ್ಲ. 30 ಗ್ರಾಂ ಒಣ ಸೋಯಾದಲ್ಲಿ 15 ಗ್ರಾಂ ಪ್ರೋಟೀನ್ ಇರುತ್ತದೆ, ಮೂರು ಮೊಟ್ಟೆಯ ಜಾಗಕ್ಕೆ ಅದು ಸಾಕು. ಅದನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿ ಪಲ್ಯಕ್ಕೆ ಹಾಕುತ್ತೇನೆ. ಜೊತೆಗೆ ಮೊಳಕೆ ಹೆಸರುಕಾಳು, ಒಂದು ಹಿಡಿ ಶೇಂಗಾ. ಇದು ಅತ್ತೆಯ ಒಲೆಯ ಮೇಲೇ ಆಗುತ್ತದೆ. ಕರಿ ನಾಯಿ ಮಾತ್ರ ಆರೂವರೆಗೆ ಬಂದು ಕಾದು ಹೋಗುತ್ತಿದೆ, ಅದಕ್ಕೆ ರೊಟ್ಟಿ ಹಾಕುತ್ತಿದ್ದೇನೆ. ಗಣಪತಿ ಬಿಟ್ಟ ಮರುದಿನಕ್ಕೆ ಅಂಗಡಿಯವನಿಗೆ ಒಂದು ಟ್ರೇ ಹೇಳಿಟ್ಟಿದ್ದೇನೆ.